ತೋಟಕ್ಕೆ ಏರ್‌ಗನ್: ಯಾವುದು, ಎಷ್ಟು ಬಲದ್ದು, ಯಾವ ಕೆಲಸಕ್ಕೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಅಡಿಕೆ ಕೊಯ್ಲು ಹತ್ತಿರ ಬರುತ್ತಿದ್ದಂತೆ ಉತ್ತರ ಕನ್ನಡದ ಓದುಗರಿಂದ ಏರ್‌ಗನ್ ಬಗ್ಗೆ ಸಾಕಷ್ಟು ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹುಲೇಕಲ್ ಹತ್ತಿರ ಎರಡು ಎಕರೆ ಅಡಿಕೆ ತೋಟ, ನಡುವೆ ಬಾಳೆ, ಕೋಕೋ, ಕಾಳುಮೆಣಸು. ಮಂಗ, ಕೆಂಜಳಿಲು, ಇಲಿ ಮೂರರ ಕಾಟವೂ ಇದೆ. ಅಂಗಡಿಯಲ್ಲಿ ಸ್ಪ್ರಿಂಗಿನದು, ಗ್ಯಾಸಿನದು, ಪಿಸಿಪಿ ಎಂದು ಮೂರು ಬಗೆ ತೋರಿಸುತ್ತಾರೆ. ತೋಟಕ್ಕೆ ಯಾವುದು ಸರಿ?
– ಶಿರಸಿ ತಾಲೂಕಿನ ಓದುಗರು

ಉತ್ತರ: ಮೊದಲು ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ, ಬಂದೂಕಿನ ಮಾತು ಆಮೇಲೆ. ನೀವು ಬರೆದ ಮೂರರಲ್ಲಿ ಏರ್‌ಗನ್ನಿಗೆ ಬಿಡಬಹುದಾದದ್ದು ಇಲಿಯೊಂದೇ. ಮಂಗ, ಕೆಂಜಳಿಲು ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನಿಮ್ಮದೇ ತೋಟದಲ್ಲಿ ನಿಂತು ಹೊಡೆದರೂ ಅದು ಬೇಟೆಯೇ. ವಿವರ ಮುಂದಿನ ಉತ್ತರದಲ್ಲಿದೆ. ಹಾಗಾಗಿ ನಿಮಗೆ ಬೇಕಾದದ್ದು ಹತ್ತಿಪ್ಪತ್ತು ಮೀಟರಿನೊಳಗೆ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಪ್ರತಿಸಲ ಹೊಡೆಯಬಲ್ಲ ಬಂದೂಕು. ಹೆಚ್ಚಿನ ಬಲಕ್ಕೆ ಹಣ ಸುರಿಯುವ ಅಗತ್ಯವಿಲ್ಲ.

ಸ್ಪ್ರಿಂಗ್ ಬಂದೂಕಿನಲ್ಲಿ ನಳಿಗೆಯನ್ನು ಮಡಚಿದಾಗ ಒಳಗಿನ ದಪ್ಪ ಸ್ಪ್ರಿಂಗ್ ಅದುಮಿ ನಿಲ್ಲುತ್ತದೆ; ಕಾಕ್ ಮಾಡುವುದು ಎಂದರೆ ಇದೇ. ಟ್ರಿಗರ್ ಎಳೆದೊಡನೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದೆ ದೂಡುತ್ತದೆ, ಪಿಸ್ಟನ್ ಮುಂದಿನ ಗಾಳಿ ಒತ್ತಿಕೊಂಡು ಪೆಲೆಟ್ಟನ್ನು, ಅಂದರೆ ಏರ್‌ಗನ್ನಿನ ಸಣ್ಣ ಗುಂಡನ್ನು, ಹೊರಹಾಕುತ್ತದೆ. ಹೊರಗಿನಿಂದ ಏನನ್ನೂ ತುಂಬಬೇಕಿಲ್ಲ. ಸ್ಪ್ರಿಂಗ್ ಮುರಿದರೆ, ವಾಷರ್ ಸವೆದರೆ ಬದಲಿಸುವುದು ಬಂದೂಕು ರಿಪೇರಿಯವರಿಗೆ ದೊಡ್ಡ ಕೆಲಸವಲ್ಲ. ತೊಂದರೆ ಇರುವುದು ಇದರ ಒದೆತದಲ್ಲಿ. ಪಿಸ್ಟನ್ ಮುಂದಕ್ಕೆ ಹೋಗುವಾಗ ಬಂದೂಕು ಹಿಂದೆ ಸರಿಯುತ್ತದೆ. ಪಿಸ್ಟನ್ ತುದಿ ಮುಟ್ಟಿ ನಿಂತಾಗ ಮುಂದೆ ಎಗರುತ್ತದೆ. ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಈ ಓಲಾಟ ಶುರುವಾಗುವುದರಿಂದ ಹಿಡಿತ ಒಂದೇ ರೀತಿ ಇಲ್ಲದಿದ್ದರೆ ಏಟು ಚದುರುತ್ತದೆ.

ಗ್ಯಾಸಿನದು ಎನ್ನುವುದರಲ್ಲಿ ಸ್ಪ್ರಿಂಗಿನ ಜಾಗದಲ್ಲಿ ಒತ್ತಡದ ಅನಿಲ ತುಂಬಿ ಮುಚ್ಚಿದ ಸಿಲಿಂಡರ್ ಇರುತ್ತದೆ. ನೈಟ್ರೋ ಪಿಸ್ಟನ್ ಎಂದು ಮಾರುವುದು ಇದನ್ನೇ. ಕಂಪನ ಸ್ವಲ್ಪ ಕಡಿಮೆ, ತುಸು ಹೊತ್ತು ಕಾಕ್ ಮಾಡಿಟ್ಟರೂ ಬಲ ಕುಂದುವುದಿಲ್ಲ. ಆದರೆ ಕಾಕ್ ಮಾಡುವುದು ಮೊದಲಿನಿಂದ ಕೊನೆಯವರೆಗೂ ಬಿರುಸು, ಮತ್ತು ಸಿಲಿಂಡರ್ ಸೋರಿದರೆ ಊರಲ್ಲಿ ರಿಪೇರಿ ಇಲ್ಲ, ಇಡೀ ಭಾಗವನ್ನೇ ತರಿಸಬೇಕು. ಕೊಳ್ಳುವ ಮುನ್ನ ಆ ಭಾಗ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ.

ಪಿಸಿಪಿಯಲ್ಲಿ ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ 200 ಬಾರ್ (ಹೊರಗಿನ ಗಾಳಿಯ ಒತ್ತಡದ ಇನ್ನೂರು ಪಟ್ಟು) ಆಸುಪಾಸಿನ ಗಾಳಿ ಮೊದಲೇ ತುಂಬಿರುತ್ತದೆ. ಟ್ರಿಗರ್ ಎಳೆದಾಗ ಅದರಲ್ಲಿ ಒಂದಿಷ್ಟು ಮಾತ್ರ ಹೊರಬರುತ್ತದೆ. ಒದೆತ ಇಲ್ಲವೆಂದೇ ಹೇಳಬೇಕು. ಹೊಸಬರೂ ಒರಗಿಸಿಕೊಂಡು ಹೊಡೆದರೆ 40 ಮೀಟರಿನಲ್ಲಿ ಏಟುಗಳು ಒಟ್ಟಿಗೆ ಬೀಳುತ್ತವೆ. ಸ್ಪ್ರಿಂಗಿನಲ್ಲಿ ಅಷ್ಟು ಬರಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಬೆಲೆ ಹೆಚ್ಚು, ಪಂಪು ಬೇರೆ ಕೊಳ್ಳಬೇಕು, ಗಾಳಿ ತಡೆಯುವ ರಬ್ಬರ್ ಬಳೆಗಳಾದ ಓ-ರಿಂಗ್‌ಗಳು ಸೋರುತ್ತವೆ, ನಮ್ಮ ಮಳೆಗಾಲದ ತೇವ ಇದಕ್ಕೆ ಆಗಿಬರುವುದಿಲ್ಲ.

ಉಗ್ರಾಣದ ಇಲಿಗೆ ಮತ್ತು ಅಂಗಳದ ಗುರಿ ಅಭ್ಯಾಸಕ್ಕೆ ಹತ್ತರಿಂದ ಹದಿನಾಲ್ಕು ಜೌಲಿನ (ಜೌಲ್ ಎಂದರೆ ಶಕ್ತಿಯ ಅಳತೆ) ಮಧ್ಯಮ ಬಲದ ಸ್ಪ್ರಿಂಗ್ ಬಂದೂಕು ಸಾಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಅತಿ ಬಲದ ಸ್ಪ್ರಿಂಗ್ ಬಂದೂಕು ಕಾಕ್ ಮಾಡಲು ಕಷ್ಟ, ಒದೆತ ಹೆಚ್ಚು, ಹತ್ತು ಸುತ್ತು ಹೊಡೆಯುವಷ್ಟರಲ್ಲಿ ತೋಳು ನಡುಗಿ ಗುರಿ ಕೆಡುತ್ತದೆ. ಅಂಗಡಿಯಲ್ಲಿ ನಾಲ್ಕೈದು ಸಲ ಕಾಕ್ ಮಾಡಿ ನೋಡಿ, ಆದರೆ ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯಬೇಡಿ. ಮುಂದೆ ತಡೆಯೇ ಇಲ್ಲದೆ ಪಿಸ್ಟನ್ ನೇರ ಹೋಗಿ ಬಡಿಯುತ್ತದೆ; ವಾಷರ್ ಸೀಳುವುದು, ಸ್ಪ್ರಿಂಗ್ ತುಂಡಾಗುವುದು ಹೆಚ್ಚಾಗಿ ಇದರಿಂದಲೇ. ನಳಿಗೆ ಮಡಚಿ ಪೆಲೆಟ್ ಇಡುವಾಗ ಇನ್ನೊಂದು ಕೈ ನಳಿಗೆಯನ್ನು ಬಿಗಿಯಾಗಿ ಹಿಡಿದೇ ಇರಬೇಕು. ಟ್ರಿಗರ್ ಜಾರಿದರೆ ನಳಿಗೆ ಚಿಮ್ಮಿ ಮುಚ್ಚಿಕೊಳ್ಳುತ್ತದೆ, ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ.

ಪ್ರಶ್ನೆ: ಕೊಲ್ಲುವ ಉದ್ದೇಶ ಇಲ್ಲ. ಬಾಳೆಗೊನೆ, ಎಳೆ ಅಡಿಕೆ ಹಾಳುಮಾಡುವ ಮಂಗಗಳಿಗೆ ಹಿಂಭಾಗಕ್ಕೆ ಒಂದೇಟು ಬಿದ್ದರೆ ಮತ್ತೆ ಬರುವುದಿಲ್ಲ ಎನ್ನುತ್ತಾರೆ. ಕಡಿಮೆ ಬಲದ ಏರ್‌ಗನ್ನಿನಿಂದ ಹೀಗೆ ಮಾಡಬಹುದೇ?
– ಸಿದ್ದಾಪುರ ತಾಲೂಕಿನಿಂದ ಇಬ್ಬರು

ಉತ್ತರ: ಮಾಡಬಾರದು. ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ; ಗಾಯಗೊಳಿಸುವುದು, ಹಿಡಿಯುವುದು, ವಿಷವಿಡುವುದು, ಉರುಳು ಒಡ್ಡುವುದು, ಇವಕ್ಕೆ ಪ್ರಯತ್ನಿಸುವುದು ಎಲ್ಲವೂ ಅದರಲ್ಲಿ ಸೇರಿದೆ. 2022ರ ತಿದ್ದುಪಡಿಯ ನಂತರ ನಮ್ಮ ಕೆಂಪುಮೋರೆಯ ಮಂಗ ಮೊದಲ ಶೆಡ್ಯೂಲಿನಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿದೆ. ಆ ಶೆಡ್ಯೂಲಿನ ಪ್ರಾಣಿಯ ಬೇಟೆಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬಳಸಿದ ಬಂದೂಕೂ ಸರ್ಕಾರದ ವಶವಾಗುತ್ತದೆ.

ಕಾನೂನು ಬದಿಗಿಟ್ಟು ನೋಡಿದರೂ ಇದು ಉಪಾಯವಲ್ಲ. 4.5 ಮಿ.ಮೀ. ಸೀಸದ ಪೆಲೆಟ್ ಹತ್ತಿರದಿಂದ ಹೊಡೆದರೆ ಚರ್ಮ ಸೀಳಿ ಮಾಂಸದೊಳಗೆ ಕೂರುತ್ತದೆ. ದೂರದಿಂದ ಹಿಂಭಾಗಕ್ಕೆಂದು ಇಟ್ಟ ಗುರಿ, ಮಂಗ ತಿರುಗಿದರೆ, ಕಣ್ಣಿಗೋ ಹೊಟ್ಟೆಗೋ ಬೀಳುತ್ತದೆ. ಗಾಯ ಕೀವಾಗಿ ಪ್ರಾಣಿ ದಿನಗಟ್ಟಲೆ ನರಳಿ ಎಲ್ಲೋ ಸಾಯುತ್ತದೆ. ನಿಮ್ಮ ತಾಲೂಕಿನಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರದಲ್ಲೂ ಜನರ ಜೀವ ತೆಗೆದಿದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ತರಗಿನಲ್ಲಿ ಹರಡುತ್ತವೆ. ದರಕು ಗುಡಿಸಲು, ಸೊಪ್ಪು ತರಲು ಬೆಟ್ಟಕ್ಕೆ ಹೋಗುವವರಿಗೆ ಹತ್ತುವುದು ಅವೇ. ಮಂಗ ಸತ್ತ ಸುದ್ದಿ ಬಂದರೆ ಆರೋಗ್ಯ ಇಲಾಖೆಯವರು ಸುತ್ತಲೂ ಮೆಲಾಥಿಯಾನ್ ಕೀಟನಾಶಕ ಪುಡಿ ಎರಚುವುದು ಇದೇ ಕಾರಣಕ್ಕೆ. ಗಾಯಗೊಂಡ ಮಂಗ ಎಲ್ಲಿ ಹೋಗಿ ಸತ್ತಿತೆಂದು ಯಾರಿಗೂ ತಿಳಿಯುವುದಿಲ್ಲ. ತೋಟದಲ್ಲಿ ಸತ್ತ ಮಂಗ ಕಂಡರೆ, ಕಾರಣ ಏನೇ ಇರಲಿ, ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ತೋಟಕ್ಕೆ ಬರುವ ಹಿಂಡಿಗೆ ಸಾಮಾನ್ಯವಾಗಿ ದಾರಿ ಒಂದೆರಡೇ ಇರುತ್ತದೆ: ಬೆಟ್ಟದ ಮರದ ಕೊಂಬೆ ತೋಟದ ಮೇಲೆ ಚಾಚಿರುವ ಕಡೆ. ನಿಮ್ಮ ಜಾಗದ ಕೊಂಬೆಗಳನ್ನು ಸವರಿ. ಬೆಟ್ಟದ ಮರವಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಸವರಿ. ಬಾಳೆಗೊನೆ ಕಾಯಿಕಟ್ಟಿದೊಡನೆ ಗೋಣಿಚೀಲ ಮುಚ್ಚಿ ಕಟ್ಟಿ. ಬೆಳಿಗ್ಗೆ ಬಿಸಿಲೇರುವ ಮೊದಲು ಮತ್ತು ಸಂಜೆ ನಾಯಿಯೊಂದಿಗೆ ಒಬ್ಬರು ಅದೇ ದಾರಿಯಲ್ಲಿ ತಿರುಗಿದರೆ ಹಿಂಡು ಇಳಿಯಲು ಹಿಂಜರಿಯುತ್ತದೆ. ಬೆಳೆ ಹಾನಿಯಾದರೆ ಫೋಟೋ, ಪಹಣಿ ಸಮೇತ ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಬರುವ ಹಣ ಹಾನಿಗೆ ಸಾಟಿಯಾಗುವುದಿಲ್ಲ ಎಂಬ ನಿಮ್ಮ ಬೇಸರ ನ್ಯಾಯವಾದದ್ದೇ, ಆದರೂ ದಾಖಲೆ ಇಲ್ಲದ ಹಾನಿ ಇಲಾಖೆಯ ಲೆಕ್ಕದಲ್ಲಿ ಆಗಿಯೇ ಇಲ್ಲ.

ಪ್ರಶ್ನೆ: ಲೈಸೆನ್ಸ್ ಬೇಡದ ಬಂದೂಕಿನಲ್ಲಿ ಅತಿ ಹೆಚ್ಚು ಬಲದ್ದು ಯಾವುದು? 0.22 ಒಳ್ಳೆಯದೆನ್ನುತ್ತಾರೆ. ಒಂದು ಡಬ್ಬಿಯ ಮೇಲೆ 1200 ಎಫ್‌ಪಿಎಸ್ ಎಂದು ಬರೆದಿತ್ತು. ಹಳೆಯದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಹೇಗೆ?
– ಯಲ್ಲಾಪುರ

ಉತ್ತರ: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬೋರು (ನಳಿಗೆಯ ಒಳವ್ಯಾಸ) 4.5 ಮಿ.ಮೀ., ಅಂದರೆ 0.177 ಇಂಚು, ಮೀರಬಾರದು; ನಳಿಗೆಯ ಬಾಯಲ್ಲಿ ಶಕ್ತಿ 20 ಜೌಲ್ ಮೀರಬಾರದು. ಎರಡರಲ್ಲಿ ಒಂದು ಮೀರಿದರೂ ಲೈಸೆನ್ಸ್ ಬೇಕು. 0.22 ಎಂದರೆ 5.5 ಮಿ.ಮೀ., ಹಾಗಾಗಿ ಅದು ಎಷ್ಟೇ ಮೆದುವಾಗಿದ್ದರೂ ಲೈಸೆನ್ಸಿನದು.

ಶಕ್ತಿಯ ಲೆಕ್ಕವನ್ನು ನೀವೇ ಮಾಡಬಹುದು. ಪೆಲೆಟ್ ತೂಕವನ್ನು ಗ್ರಾಮಿನಲ್ಲಿ, ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ಇಟ್ಟುಕೊಳ್ಳಿ. ತೂಕವನ್ನು ವೇಗದಿಂದ ಎರಡು ಸಲ ಗುಣಿಸಿ 2000ದಿಂದ ಭಾಗಿಸಿದರೆ ಜೌಲ್ ಬರುತ್ತದೆ. 0.52 ಗ್ರಾಮಿನ ಮಾಮೂಲಿ ಸೀಸದ ಪೆಲೆಟ್ 250 ಮೀಟರ್ ವೇಗದಲ್ಲಿ ಹೊರಟರೆ 16 ಜೌಲಿಗೆ ತುಸು ಹೆಚ್ಚು. ಅದೇ ಪೆಲೆಟ್ 277 ಮೀಟರ್ ಮುಟ್ಟಿದರೆ 20 ಜೌಲ್. ಈಗ ಡಬ್ಬಿಯ 1200 ನೋಡಿ. ಅದು ಸೆಕೆಂಡಿಗೆ ಎಷ್ಟು ಅಡಿ ಎಂಬ ಲೆಕ್ಕ, 3.28ರಿಂದ ಭಾಗಿಸಿದರೆ ಸುಮಾರು 366 ಮೀಟರ್. 0.34 ಗ್ರಾಮಿನ ಹಗುರ ಮಿಶ್ರಲೋಹದ ಪೆಲೆಟ್ ಹಾಕಿದರೂ ಶಕ್ತಿ 22 ಜೌಲ್ ದಾಟುತ್ತದೆ. ಅಂದಮೇಲೆ ಡಬ್ಬಿಯ ಮಾತು ಸುಳ್ಳಿರಬೇಕು, ಇಲ್ಲವೇ ಬಂದೂಕು ಲೈಸೆನ್ಸಿನದಾಗಿರಬೇಕು. ಎರಡರಲ್ಲಿ ಯಾವುದಾದರೂ ಕೊಳ್ಳದಿರಲು ಸಾಕಷ್ಟು ಕಾರಣ. ಇನ್ನೊಂದು ಮಾತು: ಶಬ್ದದ ವೇಗ ಸುಮಾರು 345 ಮೀಟರ್. ಅದರ ಹತ್ತಿರ ಹೋದ ಪೆಲೆಟ್ ವಾಲಾಡಲು ಶುರುವಾಗಿ ಗುರಿ ಕೆಡುತ್ತದೆ. 220ರಿಂದ 260 ಮೀಟರ್ ವೇಗವೇ ಈ ಬೋರಿಗೆ ಹಿತ.

ಗಟ್ಟಿ ಸ್ಪ್ರಿಂಗ್ ಹಾಕಿಸಿ 20 ಜೌಲ್ ದಾಟಿದರೆ ಅದು ಲೈಸೆನ್ಸಿಲ್ಲದ ಶಸ್ತ್ರ. ಹಾಗೆ ಹಾಕಿಸಿದ ಬಹಳಷ್ಟು ಬಂದೂಕುಗಳಲ್ಲಿ ಬಲವೂ ಹೆಚ್ಚುವುದಿಲ್ಲ. ಪಿಸ್ಟನ್ ಜೋರಾಗಿ ಬಡಿದು ಹಿಂದೆ ಪುಟಿಯುತ್ತದೆ, ಒದೆತ ಮಾತ್ರ ಹೆಚ್ಚುತ್ತದೆ. ಏರ್‌ಗನ್ನನ್ನು ಮದ್ದು ತುಂಬಿ ಹೊಡೆಯುವಂತೆ ಬದಲಿಸಿಕೊಡುವವರು ಕೆಲವೆಡೆ ಇದ್ದಾರೆ. ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಗಂಭೀರ ಅಪರಾಧ. ಗಾಳಿಯ ಒತ್ತಡಕ್ಕೆ ಮಾಡಿದ ನಳಿಗೆ ಮದ್ದಿಗೆ ಸಿಡಿದರೆ ಹೋಗುವುದು ಹೊಡೆಯುವವರ ಕಣ್ಣು, ಕೈ.

ಪ್ರಶ್ನೆ: ಗದ್ದೆಗೆ ಬರುವ ಕಾಡುಹಂದಿಗೆ 4.5 ಮಿ.ಮೀ. ಸಾಕೇ? ನಮ್ಮಲ್ಲಿ ಬೆಳೆ ರಕ್ಷಣೆಯ ಕೋವಿ ಲೈಸೆನ್ಸೂ ಇದೆ.
– ಹೊನ್ನಾವರ

ಉತ್ತರ: ಸಾಲುವುದಿಲ್ಲ. ಅರ್ಧ ಗ್ರಾಮಿನ ಪೆಲೆಟ್ ಹಂದಿಯ ದಪ್ಪ ಚರ್ಮ, ಕೊಬ್ಬಿನಲ್ಲೇ ನಿಲ್ಲುತ್ತದೆ, ಕೆರಳಿದ ಹಂದಿ ನಿಮ್ಮತ್ತಲೇ ನುಗ್ಗಬಹುದು. ಕೋವಿಯ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲಷ್ಟೇ, ಬೇಟೆಗೆ ಪರವಾನಗಿಯಲ್ಲ. ಬೆಳೆಗೆ ಅಪಾಯ ತಂದ ಎರಡನೇ ಶೆಡ್ಯೂಲಿನ ಪ್ರಾಣಿಯ ವಿಷಯದಲ್ಲಿ ಕಾಯ್ದೆಯ 11ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಆದೇಶ ಕೊಡಬಹುದು; ಆದೇಶ ಕೈಗೆ ಬರುವವರೆಗೆ ಏನೂ ಮಾಡುವಂತಿಲ್ಲ. ಸೋಲಾರ್ ಬೇಲಿಯೇ ಮೇಲು. ಹಂದಿಗೆ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು, ಕೆಳಗಿನ ಹುಲ್ಲು ತಾಗಿ ಕರೆಂಟು ಇಳಿದುಹೋಗದಂತೆ ವಾರಕ್ಕೊಮ್ಮೆ ಸವರುತ್ತಿರಬೇಕು. ಮನೆಯ ಲೈನಿನಿಂದ ನೇರ ತಂತಿ ಎಳೆಯುವುದು ಮನುಷ್ಯರನ್ನೇ ಕೊಲ್ಲುವ ಕೆಲಸ.

ಪ್ರಶ್ನೆ: ಜೋಯಿಡಾ ಕಡೆ ಸಂಬಂಧಿಕರ ಮನೆಗೆ ಹೋಗುವಾಗ ಏರ್‌ಗನ್ ಒಯ್ಯಬಹುದೇ? ಲೈಸೆನ್ಸ್ ಬೇಡವಲ್ಲ.
– ಕಾರವಾರ

ಉತ್ತರ: ಆ ದಾರಿಯಲ್ಲಿ ಬಹುಪಾಲು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಭಯಾರಣ್ಯದೊಳಗೆ ಲಿಖಿತ ಅನುಮತಿಯಿಲ್ಲದೆ ಶಸ್ತ್ರ ಒಯ್ಯುವಂತಿಲ್ಲ. ವನ್ಯಜೀವಿ ಕಾಯ್ದೆಯಲ್ಲಿ ಶಸ್ತ್ರ ಎಂದರೆ ಪ್ರಾಣಿಗೆ ಗಾಯ ಮಾಡಬಲ್ಲ ಯಾವುದೇ ಸಾಧನ. ಬಲೆ, ಉರುಳು ಕೂಡ ಅದರಲ್ಲಿ ಬರುತ್ತವೆ. ಮನೆಯಲ್ಲೇ ಬಿಟ್ಟುಹೋಗಿ.

ಪ್ರಶ್ನೆ: ಉಗ್ರಾಣದಲ್ಲಿ ಚಾಲಿ ಅಡಿಕೆಯ ಮೂಟೆ, ಭತ್ತದ ಚೀಲ ಎಲ್ಲಕ್ಕೂ ಇಲಿ, ಹೆಗ್ಗಣ. ಎಷ್ಟು ದೂರದಿಂದ, ಯಾವ ಪೆಲೆಟ್? ತೆಂಗಿನ ಮರದ ಇಲಿಗೂ ಇದೇ ಸಾಕೇ?
– ಬನವಾಸಿ

ಉತ್ತರ: ಉಗ್ರಾಣದಲ್ಲಿ ಹೊಡೆತ ಐದರಿಂದ ಹತ್ತು ಮೀಟರಿನೊಳಗಿನದು. ಅಷ್ಟು ಹತ್ತಿರಕ್ಕೆ ಎಂಟು ಹತ್ತು ಜೌಲ್ ಧಾರಾಳ. ಹೆಚ್ಚು ಬಲವಿದ್ದರೆ ಪೆಲೆಟ್ ಇಲಿಯನ್ನು ದಾಟಿ ಮುಂದಿನದಕ್ಕೆ ಬಡಿಯುತ್ತದೆ. ಚಪ್ಪಟೆ ಮೂತಿಯ ಪೆಲೆಟ್ ಇಲ್ಲಿಗೆ ಸರಿ. ಅದು ಒಳಗೆ ಹೋಗುತ್ತಲೇ ತನ್ನ ಬಲವನ್ನೆಲ್ಲ ಅಲ್ಲೇ ಬಿಡುತ್ತದೆ. ಹದಿನೈದು ಮೀಟರಿನಾಚೆಗೆ ದುಂಡು ಮೂತಿಯದೇ ನೆಟ್ಟಗೆ ಹೋಗುವುದು. ಚೂಪು ಮೂತಿಯದು ನೋಡಲು ಚೆಂದ, ಗುರಿಯಲ್ಲಿ ಬಹುತೇಕ ಹಿಂದೆ. ಉಕ್ಕಿನ ಗುಂಡು ಹಾಕಲೇಬೇಡಿ, ನಳಿಗೆಯೊಳಗಿನ ಸುರುಳಿಗೆರೆ ಸವೆಯುತ್ತದೆ, ಕಲ್ಲಿಗೆ ತಾಗಿದರೆ ನೇರ ಹಿಂದಕ್ಕೆ ಪುಟಿಯುತ್ತದೆ.

ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಇದ್ದರೆ ಒಂದು ಲೆಕ್ಕ ನೆನಪಿಡಿ. ಸ್ಕೋಪು ನಳಿಗೆಗಿಂತ ನಾಲ್ಕು ಸೆಂ.ಮೀ. ಮೇಲಿರುತ್ತದೆ. 25 ಮೀಟರಿಗೆ ಹೊಂದಿಸಿದ ಬಂದೂಕು ಐದು ಮೀಟರಿನಲ್ಲಿ ಗುರಿಗಿಂತ ಸುಮಾರು ಎರಡು ಸೆಂ.ಮೀ. ಕೆಳಗೆ ಹೊಡೆಯುತ್ತದೆ. ಇಲಿಯ ತಲೆಯೇ ಅಷ್ಟು, ಹಾಗಾಗಿ ತಲೆಗಿಟ್ಟದ್ದು ತಪ್ಪುತ್ತದೆ ಅಥವಾ ಅರೆಬರೆ ಗಾಯವಾಗುತ್ತದೆ. ಉಗ್ರಾಣಕ್ಕೇ ಬಳಸುವುದಾದರೆ ಎಂಟು ಮೀಟರಿಗೆ ಹೊಂದಿಸಿ. ಏಟು ಕಣ್ಣು–ಕಿವಿಯ ನಡುವೆ ಬೀಳಬೇಕು. ಅದು ಖಚಿತವಾಗುವವರೆಗೆ ಟ್ರಿಗರ್ ಮುಟ್ಟಬೇಡಿ.

ಹೊಡೆಯುವ ಮೊದಲು ಇಲಿಯ ಹಿಂದೆ ಏನಿದೆ ಎಂದು ನೋಡಿ. ಚಿರೆಕಲ್ಲಿನ ಗೋಡೆ, ಸಿಮೆಂಟು ನೆಲ, ಕಬ್ಬಿಣದ ಡ್ರಮ್ಮು ಮೂರೂ ಪೆಲೆಟ್ಟನ್ನು ಅಡ್ಡ ತಿರುಗಿಸುತ್ತವೆ. ಹಂಚು ಒಡೆಯುತ್ತದೆ, ವೈರು ಕತ್ತರಿಸುತ್ತದೆ. ತಿನ್ನುವ ಧಾನ್ಯದಲ್ಲಿ ಸೀಸ ಉಳಿಯುವುದು ಇನ್ನೂ ಕೆಟ್ಟದ್ದು. ಭತ್ತದ ಚೀಲದ ಎದುರು ಹೊಡೆಯಲೇಬೇಡಿ. ಅಟ್ಟದ ಮೇಲಂತೂ ಬೇಡ, ಹಲಗೆಯ ಸಂದಿನಾಚೆ ಮನೆಯವರಿರುತ್ತಾರೆ.

ನೇರವಾಗಿ ಹೇಳುವುದಾದರೆ ಉಗ್ರಾಣದ ಇಲಿಗೆ ಬಂದೂಕು ಎರಡನೇ ಸಾಧನ. ಬಾಗಿಲಡಿಯ ಸಂದಿಗೆ ತಗಡು, ಗೋಡೆ ಬಿಲಕ್ಕೆ ಗಾಜಿನ ಚೂರು ಬೆರೆಸಿದ ಸಿಮೆಂಟು, ಚೀಲಗಳನ್ನು ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಮಣೆಯ ಮೇಲೆ ಪೇರಿಸುವುದು, ಗೋಡೆಗುಂಟ ಕತ್ತರಿ ಬೋನು. ಇಷ್ಟು ಮಾಡಿದ ಮೇಲೆ ಉಳಿದ ಒಂದೆರಡಕ್ಕೆ ಬಂದೂಕು. ತೆಂಗಿನ ಸುಳಿಯಲ್ಲಿರುವ ಇಲಿಗೆ ಕೆಳಗಿನಿಂದ ಹೊಡೆಯುವುದು ಬೇಡ: ಮೇಲಕ್ಕೆ ಹೊಡೆದ ಪೆಲೆಟ್ ಮುನ್ನೂರು ಮೀಟರಿನಾಚೆಗೂ ಹೋಗಿ ಬೀಳಬಹುದು, ಪಕ್ಕದ ತೋಟದ ಮರದ ತುದಿಯಲ್ಲಿ ಅಡಿಕೆ ಕೊಯ್ಯುವ ಕೊನೆಗೌಡ ಇದ್ದಾನೆಯೇ ಎಂಬುದು ನಿಮಗೆ ಕಾಣುವುದಿಲ್ಲ. ಕಾಂಡಕ್ಕೆ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ಜಿಐ ತಗಡು ಸುತ್ತಿದರೆ ಇಲಿ ಏರುವುದಿಲ್ಲ. ಆದರೆ ಗರಿಗೆ ಗರಿ ತಾಗುವ ತೋಟದಲ್ಲಿ ತಗಡಿನಿಂದ ಪ್ರಯೋಜನವಿಲ್ಲ, ಒಂದು ಮರ ಹತ್ತಿದ ಇಲಿ ಎಲ್ಲ ಮರಕ್ಕೂ ಹೋಗುತ್ತದೆ. ಅಲ್ಲಿ 0.005% ಬ್ರೊಮಾಡಿಯೋಲೋನ್ ಇಲಿವಿಷದ ಮೇಣದ ಬಿಲ್ಲೆ, ಐದು ಮರಕ್ಕೊಂದರ ಸುಳಿಯಲ್ಲಿ 10 ಗ್ರಾಂ, 12 ದಿನ ಬಿಟ್ಟು ಇನ್ನೊಮ್ಮೆ.

ಪ್ರಶ್ನೆ: ಹೊಸ ಸ್ಪ್ರಿಂಗ್ ಬಂದೂಕಿಗೆ ಸ್ಕೋಪ್ ಹಾಕಿಸಿದೆ. ಮೊದಲು ಚೆನ್ನಾಗಿತ್ತು, ಈಗ 20 ಮೀಟರಿನಲ್ಲೇ ಏಟು ಅಂಗೈಯಗಲ ಚದುರುತ್ತಿದೆ. ನಳಿಗೆ ಹೋಯಿತೇ?
– ಅಂಕೋಲಾ

ಉತ್ತರ: ನಳಿಗೆಯನ್ನು ಕೊನೆಗೆ ಅನುಮಾನಿಸಿ. ಸ್ಟಾಕಿನ (ಬಂದೂಕಿನ ಹಿಡಿಕೆಯ) ಮುಂಭಾಗದ ಎರಡು ಪಕ್ಕದಲ್ಲಿ ಒಂದೊಂದು, ಟ್ರಿಗರ್ ಕಾಪಿನ ಬಳಿ ಒಂದೋ ಎರಡೋ ಸ್ಕ್ರೂ ಇರುತ್ತವೆ. ಒದೆತಕ್ಕೆ ಇವು ಸಡಿಲಾಗುವುದೇ ಏಟು ಚದುರಲು ಮೊದಲ ಕಾರಣ. ಬಿಚ್ಚಿ, ಎಣ್ಣೆ ಒರೆಸಿ, ಸ್ಕ್ರೂ ಸಡಿಲಾಗದಂತೆ ಹಿಡಿಯುವ ನೀಲಿ ಬಣ್ಣದ ಥ್ರೆಡ್‌ಲಾಕ್ ಅಂಟು ಒಂದು ಹನಿ ಹಾಕಿ ಕೂರಿಸಿ. ಮರದ ಸ್ಟಾಕ್ ಸೀಳುವಷ್ಟು ಬಿಗಿಯಬೇಡಿ.

ಆಮೇಲೆ ಸ್ಕೋಪು. ಅದನ್ನು ಹಿಡಿದಿಡುವ ಮೌಂಟು ಹಳಿಯ ಮೇಲೆ ಹಿಂದಕ್ಕೆ ಜರುಗಿದೆಯೇ ನೋಡಿ, ಪೆನ್ಸಿಲಿನಿಂದ ಗೆರೆ ಎಳೆದಿಟ್ಟು ಇಪ್ಪತ್ತು ಸುತ್ತು ಹೊಡೆದರೆ ತಿಳಿಯುತ್ತದೆ. ಜರುಗುತ್ತಿದ್ದರೆ ತಡೆಪಿನ್ ಇರುವ ಮೌಂಟು ಬೇಕು. ಸಾಮಾನ್ಯ ಸ್ಕೋಪುಗಳು ಸ್ಪ್ರಿಂಗ್ ಬಂದೂಕಿನ ಮುಂದೆ–ಹಿಂದೆ ಎರಡೂ ಕಡೆಯ ಒದೆತ ತಾಳದೆ ಒಳಗಿನ ಅಡ್ಡಗೆರೆ ಸಡಿಲಾಗುತ್ತವೆ. ಮೆಲ್ಲಗೆ ತಟ್ಟಿದಾಗ ಗೆರೆ ಅಲುಗಿದರೆ ಆ ಸ್ಕೋಪಿನ ಕಥೆ ಮುಗಿಯಿತು. ಏರ್‌ಗನ್ನಿಗೆಂದೇ ಮಾಡಿದ್ದನ್ನು ಕೇಳಿ ಕೊಳ್ಳಿ.

ಇವೆರಡೂ ಸರಿಯಿದ್ದರೆ ನಳಿಗೆಯ ಹಿಂಬದಿಯ ರಬ್ಬರ್ ರಿಂಗು. ತೆಳು ಟಿಶ್ಯೂ ಕಾಗದದ ಪಟ್ಟಿಯೊಂದನ್ನು ಆ ಸಂದಿನ ಮೇಲೆ ಅಂಟಿಸಿ, ಪೆಲೆಟ್ ಹಾಕಿ ಹೊಡೆಯಿರಿ. ಪಟ್ಟಿ ಹಾರಿದರೆ ಗಾಳಿ ಅಲ್ಲಿ ಸೋರುತ್ತಿದೆ.

ಬಳಿಕ ಹಿಡಿತ. ಸ್ಪ್ರಿಂಗ್ ಬಂದೂಕನ್ನು ಕಲ್ಲಿನ ಮೇಲೋ ಮರಳಚೀಲದ ಮೇಲೋ ನೇರ ಒರಗಿಸಿದರೆ, ಭುಜಕ್ಕೆ ಒತ್ತಿ ಹಿಡಿದರೆ, ಒಂದೊಂದು ಸಲ ಒಂದೊಂದು ಕಡೆ ಎಗರುತ್ತದೆ. ಚೀಲದ ಮೇಲೆ ನಿಮ್ಮ ಎಡಗೈ ಹಿಂಗೈ ಇಟ್ಟು, ತೆರೆದ ಅಂಗೈ ಮೇಲೆ ಬಂದೂಕು ಮಲಗಿಸಿ, ಬೆರಳು ಮಡಚದೆ, ಭುಜಕ್ಕೆ ಮುಟ್ಟಿಸಿಯಷ್ಟೇ ಇಡಿ. ಒದೆಯಲು ಬಿಡಿ, ಆದರೆ ಪ್ರತಿಸಲ ಒಂದೇ ರೀತಿ ಒದೆಯಲಿ. ಅಂಗೈಯ ಜಾಗ ಒಂದಂಗುಲ ಹಿಂದೆ–ಮುಂದೆ ಮಾಡಿ ನೋಡಿ, ಏಟು ಕೂಡುವ ಜಾಗ ಸಿಕ್ಕರೆ ಗುರುತು ಮಾಡಿಕೊಳ್ಳಿ.

ಪೆಲೆಟ್ ಬದಲಿಸಿದ್ದೀರಾ? ಪ್ರತಿ ನಳಿಗೆಗೂ ಒಗ್ಗುವ ಪೆಲೆಟ್ ಬೇರೆ. 4.50, 4.51, 4.52 ಎಂದು ತಲೆಯ ಅಳತೆಯಲ್ಲೇ ವ್ಯತ್ಯಾಸವಿರುತ್ತದೆ. ಹೊಸ ಬಗೆ ಹಾಕಿದಾಗ ಮೊದಲ ಹತ್ತು ಸುತ್ತನ್ನು ಲೆಕ್ಕಕ್ಕೆ ಹಿಡಿಯದೆ, ಮುಂದಿನ ಐದೈದರ ಗುಂಪು ನೋಡಿ. ಹಿಂಬದಿಯ ತೆಳು ಅಂಚು (ಲಂಗ) ನಗ್ಗಿದ ಪೆಲೆಟ್ಟುಗಳನ್ನು ಆರಿಸಿ ತೆಗೆಯಿರಿ. ದೂರದ ಲೆಕ್ಕವೂ ಇರಲಿ: 25 ಮೀಟರಿಗೆ ಹೊಂದಿಸಿದ, 240 ಮೀಟರ್ ವೇಗದ ಬಂದೂಕು 40 ಮೀಟರಿನಲ್ಲಿ ಐದಾರು ಸೆಂ.ಮೀ. ಕೆಳಗೆ ಹೊಡೆಯುವುದು ಸಹಜ, ಅದು ದೋಷವಲ್ಲ.

ಪ್ರಶ್ನೆ: ಪಿಸಿಪಿಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಬಹುದೇ?
– ಕುಮಟಾ

ಉತ್ತರ: ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೊಡುವುದು ಎಂಟು ಹತ್ತು ಬಾರ್. ನಿಮಗೆ ಬೇಕಾದ್ದು 200. ಇದಕ್ಕೆ ಮೂರು ಹಂತದ ಕೈಪಂಪೇ ಬೇರೆ ಸಿಗುತ್ತದೆ. 50 ಸಲ ಒತ್ತಿದ ಮೇಲೆ ಹತ್ತು ನಿಮಿಷ ತಣಿಯಲು ಬಿಡಿ, ಬಿಸಿಗೆ ಪಂಪಿನ ವಾಷರ್ ಕರಗುತ್ತದೆ. ಪ್ರತಿಸಲ ಕೆಳಗಿನ ಸ್ಕ್ರೂ ಬಿಚ್ಚಿ ಒಳಗಿನ ನೀರು ಹೊರಗೆ ಬಿಡಿ. ಜುಲೈ ತಿಂಗಳ ಗಾಳಿಯನ್ನು ಇನ್ನೂರು ಪಟ್ಟು ಒತ್ತಿದರೆ ನೀರಾಗದೆ ಇರುವುದಿಲ್ಲ, ಅದು ಸಿಲಿಂಡರಿನೊಳಗೆ ಸೇರಿದರೆ ತುಕ್ಕು. ಪಂಪಿನ ಗಾಳಿಬಾಯಿಗೆ ಸಿಲಿಕಾ ಜೆಲ್ ಶೋಧಕ ಹಾಕಿ, ಹರಳು ಬಣ್ಣಗೆಟ್ಟಾಗ ಒಣಗಿಸಿ. ಮುರ್ಡೇಶ್ವರದಲ್ಲಿ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರೆದೊಯ್ಯುವವರ ಸಿಲಿಂಡರಿನಲ್ಲಿರುವುದು ಒಣಗಾಳಿ, ಒತ್ತಡವೂ ಸರಿಹೊಂದುತ್ತದೆ. ಅವರು ಒಪ್ಪಿದರೆ, ಸರಿಯಾದ ಅಡಾಪ್ಟರ್ ಇದ್ದರೆ, ನಿಧಾನವಾಗಿ ತುಂಬಿಸಿಕೊಳ್ಳಬಹುದು. ವೆಲ್ಡಿಂಗಿನ ಆಕ್ಸಿಜನ್ ಮಾತ್ರ ಎಂದೂ ಬೇಡ, ಒಳಗಿನ ಎಣ್ಣೆಯ ಪಸೆಗೆ ಹೊತ್ತಿ ಸಿಡಿಯುತ್ತದೆ. ಅದೇ ಕಾರಣಕ್ಕೆ ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಬಿಟ್ಟು ಬೇರೆ ಎಣ್ಣೆ ಮುಟ್ಟಿಸಬೇಡಿ.

ಪ್ರಶ್ನೆ: ಕಡಲ ಗಾಳಿಗೆ ತುಕ್ಕು ಬರುತ್ತದೆಂದು ಕೊಬ್ಬರಿ ಎಣ್ಣೆ ಹಚ್ಚಿ, ಒಳಗೂ ಎರಡು ಹನಿ ಬಿಟ್ಟೆ. ಈಗ ಹೊಡೆದರೆ ಢಮ್ ಎಂಬ ಸದ್ದು, ನಳಿಗೆಯಿಂದ ಹೊಗೆ. ಬಲ ಹೆಚ್ಚಿದೆಯೇ?
– ಕಾರವಾರ

ಉತ್ತರ: ಸ್ಪ್ರಿಂಗ್ ಬಂದೂಕಿನ ಒಳಗೆ ಗಾಳಿ ಒತ್ತಿಕೊಂಡಾಗ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಕಾಯುತ್ತದೆ, ಅಲ್ಲಿದ್ದ ಎಣ್ಣೆ ಹೊತ್ತಿಕೊಳ್ಳುತ್ತದೆ. ವೇಗ ಒಂದು ಸಲ ಜಾಸ್ತಿ, ಇನ್ನೊಂದು ಸಲ ಕಡಿಮೆ, ಜೊತೆಗೆ ವಾಷರ್ ಸುಟ್ಟು ಹೋಗುತ್ತದೆ. ಹೊಸ ಬಂದೂಕಿನಲ್ಲಿ ಮೊದಲ ಐವತ್ತು ನೂರು ಸುತ್ತು ತೆಳು ಹೊಗೆ ಬರುವುದು ಕಾರ್ಖಾನೆಯ ಗ್ರೀಸಿನಿಂದ, ಅದಕ್ಕೆ ಗಾಬರಿ ಬೇಡ. ನಿಮ್ಮದಕ್ಕೆ ಒಳಗೆ ಮತ್ತೇನೂ ಬಿಡದೆ, ನಳಿಗೆಯನ್ನು ಹಿಂಬದಿಯಿಂದ ಅದರ ಬಾಯಿಯ ಕಡೆಗೆ ಒಣಬಟ್ಟೆ ಎಳೆದು ಒರೆಸಿ. ಸದ್ದು ನಿಲ್ಲದಿದ್ದರೆ ಬಿಚ್ಚಿಸಿ ಒಳಗನ್ನು ಒರೆಸಿಸಬೇಕು.

ಕೊಬ್ಬರಿ ಎಣ್ಣೆ ಹೊರಗೂ ಬೇಡ. 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಹಳತಾದರೆ ಅಂಟುತ್ತದೆ, ಧೂಳು ಹಿಡಿಯುತ್ತದೆ. ಟ್ರಿಗರ್ ಸಂದಿಗೆ ಹೋದರೆ ಚಳಿಗಾಲದ ಬೆಳಿಗ್ಗೆ ಟ್ರಿಗರ್ ಜಿಗುಟಾಗುತ್ತದೆ. ಬಂದೂಕು ಅಥವಾ ಹೊಲಿಗೆ ಯಂತ್ರದ ತೆಳು ಎಣ್ಣೆಯಲ್ಲಿ ಬಟ್ಟೆ ಅದ್ದಿ ಹಿಂಡಿ, ಲೋಹದ ಭಾಗವನ್ನಷ್ಟೇ ಒರೆಸಿ. ಕಾರವಾರದಲ್ಲಿ ಮಳೆಗಾಲಕ್ಕೆ ವಾರಕ್ಕೊಮ್ಮೆ, ಉಳಿದಂತೆ ಪ್ರತಿಸಲ ಮುಟ್ಟಿದ ಮೇಲೆ. ಬೆವರಿನ ಬೆರಳಚ್ಚಿನಲ್ಲೇ ತುಕ್ಕು ಮೊದಲು ಏಳುವುದು. ರೆಕ್ಸಿನ್ ಚೀಲ, ಸ್ಪಂಜಿನ ಪೆಟ್ಟಿಗೆಯೊಳಗೆ ಮಳೆಗಾಲದಲ್ಲಿ ಇಡಬೇಡಿ, ತೇವ ಒಳಗೇ ನಿಲ್ಲುತ್ತದೆ. ಗಾಳಿಯಾಡುವ ಕಪಾಟಿನಲ್ಲಿ, ಬೀಗ ಹಾಕಿ, ಗೋಡೆಗೆ ತಾಗದಂತೆ ನಿಲ್ಲಿಸಿ. ಕಾಕ್ ಮಾಡಿಟ್ಟು ಮಲಗಬೇಡಿ.

ಪ್ರಶ್ನೆ: ಹೈಸ್ಕೂಲಿನ ಮಗನಿಗೆ ಅಂಗಳದಲ್ಲಿ ಗುರಿ ಅಭ್ಯಾಸ ಮಾಡಿಸುವ ಆಸೆ. ಹೇಗೆ ಶುರುಮಾಡುವುದು?
– ಶಿರಸಿ

ಉತ್ತರ: ಒಳ್ಳೆಯ ಆಸೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 4.5 ಮಿ.ಮೀ. ಬೋರಿನ ಹತ್ತು ಮೀಟರ್ ಏರ್‌ರೈಫಲಿನಲ್ಲಿ. ಅಲ್ಲಿ ಬಳಸುವ ರೈಫಲಿನ ಶಕ್ತಿ ಏಳೆಂಟು ಜೌಲ್ ಮಾತ್ರ. ಮಗನಿಗೆ ಅವನೇ ಸಲೀಸಾಗಿ ಕಾಕ್ ಮಾಡಬಲ್ಲ ಹಗುರ ಬಂದೂಕು ಇರಲಿ, ನೀವು ಪಕ್ಕದಲ್ಲಿ ಇರುವಾಗ ಮಾತ್ರ ಕೈಗೆ ಕೊಡಿ.

ಜಾಗ ಆರಿಸುವಾಗ ಗುರಿಯ ಹಿಂದೆ ಆಳೆತ್ತರಕ್ಕಿಂತ ಹೆಚ್ಚಿನ ಮಣ್ಣಿನ ದರೆ ಇರಬೇಕು; ಚಿರೆಕಲ್ಲಿನ ಪಾಗಾರ ಬೇಡ. ದರೆಯ ಮುಂದೆ ಹಳೆಯ ಎಣ್ಣೆ ಡಬ್ಬಿಯ ಒಂದು ಮಗ್ಗುಲು ಕತ್ತರಿಸಿ, ಒಳಗೆ ಹಳೆಬಟ್ಟೆಯನ್ನು ಒಂದಡಿ ದಪ್ಪಕ್ಕೆ ಗಿಡಿದು ತುಂಬಿ, ಬಾಯಿಗೆ ರಟ್ಟು ಕಟ್ಟಿ, ರಟ್ಟಿನ ಮೇಲೆ ಗುರಿಕಾಗದ ಅಂಟಿಸಿ. ಪೆಲೆಟ್ಟುಗಳು ಬಟ್ಟೆಯಲ್ಲಿ ಉಳಿಯುತ್ತವೆ, ತೋಟದ ಮಣ್ಣಿಗೆ ಸೀಸ ಸೇರುವುದಿಲ್ಲ. ನೂರಿನ್ನೂರು ಸುತ್ತಿಗೊಮ್ಮೆ ಬಟ್ಟೆ ತೆಗೆದು ನೋಡಿ, ಒಂದೇ ಕಡೆ ತೂತು ಬಿದ್ದಿದ್ದರೆ ತುಂಬಿ. ಹೊಡೆಯುವವರು, ಪಕ್ಕದಲ್ಲಿ ನಿಂತವರು ಎಲ್ಲರಿಗೂ ಕನ್ನಡಕ. ಗುರಿಕಾಗದ ಬದಲಿಸಲು ಮುಂದೆ ಹೋಗುವ ಮೊದಲು ಬಂದೂಕು ಖಾಲಿ ಮಾಡಿ, ನಳಿಗೆ ಮಡಚಿ ನೆಲದ ಮೇಲಿಡಬೇಕು. ಪೆಲೆಟ್ಟುಗಳನ್ನು ಬಾಯಲ್ಲಿ ಇಟ್ಟುಕೊಳ್ಳುವ ಹುಡುಗರ ಅಭ್ಯಾಸ ಮೊದಲ ದಿನವೇ ಬಿಡಿಸಿ. ಮಳೆಗಾಲದಲ್ಲಿ ಅವುಗಳ ಮೇಲೆ ಏಳುವ ಬಿಳಿ ಪುಡಿಯೂ ಸೀಸವೇ; ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಿಡಿ, ಅಭ್ಯಾಸ ಮುಗಿದ ಮೇಲೆ ತಿಂಡಿ ಮುಟ್ಟುವ ಮೊದಲು ಸಾಬೂನು ಹಾಕಿ ಕೈ ತೊಳೆಯಲಿ.